ತಾಲ್ಲೂಕು ನ್ಯಾಯಾಲಯ ವರ್ತಕರ ವಸೂಲಿ ಕಛೇರಿಯಲ್ಲ

ಲೆಕ್ಕ ಪರಿಶೋಧಕನಾದವನು ನ್ಯಾಯಾಲಯದ ಮೆಟ್ಟಿಲು ಹತ್ತುವ ಪ್ರಸಂಗ ಅಪರೂಪ. ನಮ್ಮ ವೃತ್ತಿಯ ಬಹುಭಾಗ ಖಾತೆ-ಕಿರ್ದಿಗಳ ನಡುವೆಯೇ ಕಳೆದುಹೋಗುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ತಾಲ್ಲೂಕು ಕೇಂದ್ರವೊಂದರ ನ್ಯಾಯಾಲಯದಿಂದ ನನಗೆ ಸಾಕ್ಷಿ ಸಮನ್ಸ್ ಬಂದಿತು. ನನ್ನ ಕಕ್ಷಿದಾರರಾದ ಸಗಟು ವರ್ತಕರೊಬ್ಬರು ಹಳ್ಳಿಯ ಅಂಗಡಿಕಾರರೊಬ್ಬರ ವಿರುದ್ಧ ಚೆಕ್ಕು ಅಮಾನ್ಯದ ಮೊಕದ್ದಮೆ ಹೂಡಿದ್ದರು. ನನ್ನನ್ನು ಕರೆಸಿದವರು ನನ್ನ ಕಕ್ಷಿದಾರರಲ್ಲ, ಆರೋಪಿಯ ಪರ ವಕೀಲರು. ನಾನು ಸಹಿ ಮಾಡಿದ ಆಸ್ತಿ-ಜವಾಬ್ದಾರಿ ಪಟ್ಟಿಯನ್ನೂ ಬಾಕಿದಾರರ ಯಾದಿಯನ್ನೂ ಹಾಜರುಪಡಿಸಬೇಕೆಂಬುದು ಅವರ ಕೋರಿಕೆಯಾಗಿತ್ತು.

ಆ ದಿನ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲಿನ ಬೆಂಚಿನ ಮೇಲೆ ಕುಳಿತು ನೋಡಿದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಸಣ್ಣ ಊರಿನ ನ್ಯಾಯಾಲಯಗಳು ನಿಧಾನ ಎಂದು ನಮ್ಮ ಸಭೆಗಳಲ್ಲಿ ನಾವು ಸದಾ ದೂರುತ್ತೇವೆ. ಆದರೆ ಆ ನಿಧಾನದ ಒಂದು ದೊಡ್ಡ ಪಾಲು ನಮ್ಮ ಅಂಗಡಿಗಳ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿಯೇ ಹುಟ್ಟುತ್ತಿದೆ. ಖಾಲಿ ಚೆಕ್ಕುಗಳನ್ನು ನಾವು ಇಡುವುದು ಅಲ್ಲಿಯೇ. ಈ ಅಭಿಪ್ರಾಯ ವರ್ತಕ ಬಾಂಧವರಿಗೆ ಪ್ರಿಯವಾಗಲಾರದೆಂದು ಬಲ್ಲೆ, ಆದರೂ ಹೇಳಬೇಕಾಗಿದೆ.

ಈ ನ್ಯಾಯಾಧೀಶರು ಯಾರು?

ತಾಲ್ಲೂಕು ನ್ಯಾಯಾಲಯದ ಫಲಕದ ಮೇಲೆ ‘ಸಿವಿಲ್ ನ್ಯಾಯಾಧೀಶರು ಹಾಗೂ ಜೆ.ಎಂ.ಎಫ್.ಸಿ.’ ಎಂದು ಬರೆದಿರುತ್ತದೆ. ನಮ್ಮ ಹಿರಿಯರು ಇದನ್ನು ಈಗಲೂ ಮುನ್ಸೀಫ್ ಕೋರ್ಟು ಎಂದೇ ಕರೆಯುತ್ತಾರೆ. ಫಲಕದ ಮೇಲಿನ ಎರಡು ಹೆಸರುಗಳು ಒಬ್ಬರೇ ವ್ಯಕ್ತಿ ಹೊರುವ ಎರಡು ಹೊಣೆಗಳು. ಸಿವಿಲ್ ನ್ಯಾಯಾಧೀಶರಾಗಿ ಅವರು ಜಮೀನಿನ ಪಾಲು, ಬಾಡಿಗೆ, ತಡೆಯಾಜ್ಞೆ, ಹಣದ ದಾವೆಗಳನ್ನು ಕೇಳುತ್ತಾರೆ. ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಯಾಗಿ ಪೊಲೀಸರು ಕರೆತಂದ ಆರೋಪಿಯ ಜಾಮೀನು, ಜೀವನಾಂಶದ ಅರ್ಜಿ, ಹೊಡೆದಾಟ, ಜೂಜು, ವಾಹನ ಅಪಘಾತ, ಪುರಸಭೆಯ ಕಾಯ್ದೆಯಡಿಯ ಅಪರಾಧ, ತೂಕ ಮತ್ತು ಅಳತೆ ಇಲಾಖೆಯ ಮೊಕದ್ದಮೆಗಳನ್ನು ವಿಚಾರಿಸುತ್ತಾರೆ. ಚೆಕ್ಕು ಅಮಾನ್ಯದ ಪ್ರಕರಣಗಳು ಬರುವುದೂ ಈ ಎರಡನೆಯ ಹೊಣೆಯಡಿಯಲ್ಲಿಯೇ.

ತಹಸೀಲ್ದಾರರೂ ತಾಲ್ಲೂಕಿನ ದಂಡಾಧಿಕಾರಿಯಲ್ಲವೇ ಎಂದು ಅನೇಕರು ಕೇಳುತ್ತಾರೆ. ಹೌದು, ಆದರೆ ಅವರು ಕಾರ್ಯನಿರ್ವಾಹಕ ದಂಡಾಧಿಕಾರಿ. ಶಾಂತಿಪಾಲನೆಯಂಥ ವಿಷಯಗಳು ಅವರಿಗೆ ಸೇರಿದವು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆ ಈ ಎರಡು ವರ್ಗಗಳನ್ನು ದೇಶದಾದ್ಯಂತ ಬೇರ್ಪಡಿಸಿತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಈ ಭೇದ ಮುಂದುವರಿದಿದೆ. ನ್ಯಾಯಾಧೀಶರು ಜಿಲ್ಲಾಧಿಕಾರಿಗಾಗಲಿ, ಶಾಸಕರಿಗಾಗಲಿ, ಪುರಸಭೆಯ ಅಧ್ಯಕ್ಷರಿಗಾಗಲಿ ಅಧೀನರಲ್ಲ. ಸಂವಿಧಾನದ 235ನೆಯ ವಿಧಿಯಂತೆ ಅವರ ವರ್ಗಾವಣೆ, ಬಡ್ತಿ, ಮೇಲ್ವಿಚಾರಣೆ ಉಚ್ಚ ನ್ಯಾಯಾಲಯಕ್ಕೆ ಸೇರಿದ್ದು. ಅವರು ವಿಧಿಸುವ ದಂಡ ಹೆಚ್ಚಾದರೂ ಕಡಿಮೆಯಾದರೂ ಅವರ ಸಂಬಳದಲ್ಲಿ ಒಂದು ರೂಪಾಯಿ ವ್ಯತ್ಯಾಸವಾಗುವುದಿಲ್ಲ.

ಈ ಮಾತು ಎಷ್ಟು ದೊಡ್ಡದೆಂಬುದನ್ನು ತಿಳಿಯಲು ಹೊರದೇಶದ ಒಂದು ಉದಾಹರಣೆ ನೋಡಬಹುದು. ಅಮೆರಿಕದ ಅನೇಕ ಸಣ್ಣ ಪಟ್ಟಣಗಳಲ್ಲಿ ಊರಾಡಳಿತವೇ ನಡೆಸುವ ಪುರಸಭಾ ನ್ಯಾಯಾಲಯಗಳಿವೆ. ಮಿಸ್ಸೌರಿ ರಾಜ್ಯದ ಫರ್ಗ್ಯುಸನ್ ಎಂಬ ಪಟ್ಟಣದ ವ್ಯವಸ್ಥೆಯನ್ನು ಪರಿಶೀಲಿಸಿದ ಆ ದೇಶದ ನ್ಯಾಯ ಇಲಾಖೆ 2015ರ ಮಾರ್ಚ್‌ನಲ್ಲಿ ವರದಿಯೊಂದನ್ನು ಪ್ರಕಟಿಸಿತು. ಪಟ್ಟಣದ ಆಯವ್ಯಯದಲ್ಲಿ ದಂಡದ ಹಣವನ್ನು ನೆಚ್ಚಿಕೊಂಡು, ಪೊಲೀಸರನ್ನೂ ನ್ಯಾಯಾಲಯವನ್ನೂ ಆದಾಯ ಸಂಗ್ರಹಕ್ಕೆ ಬಳಸಲಾಗಿತ್ತೆಂದು ಅದು ತಿಳಿಸಿತು. ಸಣ್ಣಪುಟ್ಟ ದಂಡದ ಕಂತು ಕಟ್ಟದ ಬಡವರ ಮೇಲೆ ಬಂಧನದ ವಾರಂಟು ಹೊರಟಿದ್ದವು. ಅಲ್ಲಿ ನ್ಯಾಯಾಲಯವನ್ನು ವಸೂಲಿ ಕಛೇರಿ ಮಾಡಿದ್ದು ಊರಾಡಳಿತ. ನಮ್ಮಲ್ಲಿ ಸಂವಿಧಾನ ಆ ಬಾಗಿಲನ್ನು ಮುಚ್ಚಿದೆ. ಆದರೆ ಇನ್ನೊಂದು ಬಾಗಿಲಿನಿಂದ, ಊರಾಡಳಿತದ ಬದಲು ನಾವು ವರ್ತಕರು ಮತ್ತು ಹಣಕಾಸು ಸಂಸ್ಥೆಗಳವರು, ಅದೇ ಕೆಲಸ ಮಾಡುತ್ತಿದ್ದೇವೆಯೇ ಎಂಬುದು ನನ್ನ ಪ್ರಶ್ನೆ.

ಒಂದು ದಿನದ ಕಲಾಪ

ಹನ್ನೊಂದು ಗಂಟೆಗೆ ನ್ಯಾಯಾಧೀಶರು ಪೀಠಕ್ಕೆ ಬಂದರು. ಗೋಡೆಗೆ ಅಂಟಿಸಿದ್ದ ಅಂದಿನ ಪ್ರಕರಣಗಳ ಪಟ್ಟಿ ಹಲವು ಹಾಳೆಗಳಷ್ಟು ಉದ್ದವಿತ್ತು. ಮೊದಲು ಕರೆಯುವ ಕೆಲಸ. ಬೆಂಚ್ ಗುಮಾಸ್ತರು ಒಂದೊಂದೇ ಸಂಖ್ಯೆ ಓದಿದಂತೆ ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಿದ್ದ. ‘ಸಮನ್ಸ್ ಜಾರಿಯಾಗಿಲ್ಲ’, ‘ವಾರಂಟು ವಾಪಸು ಬಂದಿಲ್ಲ’, ‘ಫಿರ್ಯಾದಿ ಗೈರು’, ‘ಆರೋಪಿ ಪರ ಗೈರುಹಾಜರಿ ಅರ್ಜಿ’ ಎಂಬ ಮಾತುಗಳೇ ಒಂದೂವರೆ ತಾಸು ಕೇಳಿಬಂದವು. ಒಂದೊಂದು ಪ್ರಕರಣಕ್ಕೆ ಒಂದು ನಿಮಿಷವೂ ಸಿಗಲಿಲ್ಲ. ನನ್ನ ಎಣಿಕೆಯಲ್ಲಿ ತಪ್ಪಿರಬಹುದು. ಆದರೆ ಕರೆದ ಹೆಸರುಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಚೆಕ್ಕಿನವೇ ಆಗಿದ್ದವು. ಫಿರ್ಯಾದಿಗಳ ಸ್ಥಾನದಲ್ಲಿ ಸಹಕಾರ ಸಂಘ, ಹಣಕಾಸು ಸಂಸ್ಥೆ, ಗೊಬ್ಬರದ ಅಂಗಡಿ, ಕಬ್ಬಿಣದ ಅಂಗಡಿ, ಮಂಡಿ ವರ್ತಕರು ಇದ್ದರು. ಬಹುತೇಕ ನಮ್ಮವರೇ.

ಅದೇ ಪಟ್ಟಿಯ ನಡುವೆ ಜೀವನಾಂಶದ ಬಾಕಿಗಾಗಿ ಮಗುವನ್ನೆತ್ತಿಕೊಂಡು ಬಂದ ತಾಯಿಯೊಬ್ಬಳ ಪ್ರಕರಣವೂ ಇತ್ತು. ಆಕೆಯ ಸರದಿ ಬಂದಾಗ ಮಧ್ಯಾಹ್ನದ ವಿರಾಮದ ಸಮಯವಾಗಿತ್ತು. ಮುಂದಿನ ದಿನಾಂಕ ಕೊಟ್ಟರು. ನ್ಯಾಯಾಧೀಶರ ತಪ್ಪು ಅದರಲ್ಲಿ ನನಗೆ ಕಾಣಲಿಲ್ಲ. ವಿರಾಮದ ನಂತರ ಅವರು ಎರಡು ಸಾಕ್ಷ್ಯ ದಾಖಲಿಸಿ, ಒಂದು ವಾದ ಕೇಳಿ, ಬಂಧಿತನೊಬ್ಬನ ಜಾಮೀನು ಅರ್ಜಿ ವಿಚಾರಿಸಿದರು. ತೀರ್ಪು ಬರೆಯುವುದು ರಾತ್ರಿ ಮನೆಯಲ್ಲಿ. ಪಕ್ಕದ ತಾಲ್ಲೂಕಿನ ಹುದ್ದೆ ಖಾಲಿಯಿದ್ದುದರಿಂದ ಅದರ ಪ್ರಭಾರವೂ ಅವರ ಮೇಲೆಯೇ ಇತ್ತೆಂದು ಶಿರಸ್ತೇದಾರರು ಹೇಳಿದರು.

ಚೆಕ್ಕು ಅಪರಾಧವಾದ ಬಗೆ

ಚೆಕ್ಕು ಅಮಾನ್ಯವಾಗುವುದು ಮೊದಲು ಬರೀ ಸಿವಿಲ್ ವಿಷಯವಾಗಿತ್ತು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಗೆ ಸೇರಿಸಿದ 138ನೆಯ ಕಲಮು 1989ರ ಏಪ್ರಿಲ್ 1ರಿಂದ ಅದನ್ನು ಅಪರಾಧವಾಗಿಸಿತು. ಚೆಕ್ಕಿನ ಮೇಲೆ ಜನರಿಗೆ ನಂಬಿಕೆ ಬರಲಿ, ವ್ಯಾಪಾರ ಬ್ಯಾಂಕಿನ ಮೂಲಕ ನಡೆಯಲಿ ಎಂಬುದು ಉದ್ದೇಶ. 2002ರ ತಿದ್ದುಪಡಿ ಶಿಕ್ಷೆಯನ್ನು ಎರಡು ವರ್ಷಕ್ಕೆ ಏರಿಸಿತು. ಚೆಕ್ಕಿನ ಮೊತ್ತದ ಎರಡರಷ್ಟು ದಂಡಕ್ಕೂ ಅವಕಾಶವಿದೆ. ವಿಚಾರಣೆಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದೂ ಅದೇ ತಿದ್ದುಪಡಿ ಹೇಳಿತು. 2015ರ ತಿದ್ದುಪಡಿ ಹಣ ಪಡೆಯುವವನ ಖಾತೆ ಇರುವ ಬ್ಯಾಂಕ್ ಶಾಖೆಯ ಊರಿನಲ್ಲಿಯೇ ಮೊಕದ್ದಮೆ ಹೂಡಲು ಅವಕಾಶ ಮಾಡಿತು. 2018ರ ತಿದ್ದುಪಡಿ ವಿಚಾರಣೆಯ ಹಂತದಲ್ಲಿಯೇ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸುವ ಅಧಿಕಾರ ನೀಡಿತು. ಮೇಲ್ಮನವಿಗೆ ಹೋಗುವ ಅಪರಾಧಿಯಿಂದ ಶೇ. 20ಕ್ಕೆ ಕಡಿಮೆಯಿಲ್ಲದ ಠೇವಣಿ ಇಡಿಸಲೂ ಅವಕಾಶವಾಯಿತು.

ಪ್ರತಿಯೊಂದು ತಿದ್ದುಪಡಿಯೂ ಫಿರ್ಯಾದಿಯ ಪರವಾಗಿಯೇ ಬಂದಿದೆ. ಆದರೂ ಸರ್ವೋಚ್ಚ ನ್ಯಾಯಾಲಯ ಈ ಪ್ರಕರಣಗಳ ವಿಳಂಬದ ಬಗ್ಗೆ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ವಿಷಯದ 2021ರ ಆದೇಶದಲ್ಲಿ ಏನು ದಾಖಲಾಯಿತು? 2019ರ ಅಂತ್ಯಕ್ಕೆ ದೇಶದಲ್ಲಿ ಬಾಕಿಯಿದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35.16 ಲಕ್ಷ ಚೆಕ್ಕಿನವು. ಅಂದರೆ ಸುಮಾರು ಏಳರಲ್ಲಿ ಒಂದು. ಕಾನೂನನ್ನು ಬಲಪಡಿಸಿದಷ್ಟೂ ಸರದಿ ಉದ್ದವಾಯಿತೇ ಹೊರತು ವಸೂಲಿ ಚುರುಕಾಗಲಿಲ್ಲ. ಲೆಕ್ಕಿಗನ ದೃಷ್ಟಿಯಲ್ಲಿ ಇದಕ್ಕೆ ಕಾರಣ ಸರಳ. ಬಳಸಲು ಖರ್ಚು ಕಡಿಮೆ ಎಂದು ತೋರುವ ಸೇವೆಗೆ ಬೇಡಿಕೆ ಮಿತಿಯಿಲ್ಲದೆ ಬೆಳೆಯುತ್ತದೆ. ಹಣದ ದಾವೆಗೆ ಮೊತ್ತದ ಮೇಲೆ ನ್ಯಾಯಾಲಯ ಶುಲ್ಕ ಕಟ್ಟಬೇಕು. ಚೆಕ್ಕಿನ ಫಿರ್ಯಾದಿಗೆ ಹಾಗಿಲ್ಲ. ಜೊತೆಗೆ ಜೈಲಿನ ಭಯವೆಂಬ ಅನುಕೂಲ ಬೇರೆ.

ಖಾಲಿ ಚೆಕ್ಕಿನ ರೂಢಿ

ಕಾನೂನು ರಕ್ಷಿಸಲು ಹೊರಟದ್ದು ಹಣ ಪಾವತಿಗೆಂದು ಕೊಟ್ಟ ಚೆಕ್ಕನ್ನು. ನಮ್ಮ ಪೇಟೆಗಳಲ್ಲಿ ಬೆಳೆದ ರೂಢಿಯೇ ಬೇರೆ. ಉದ್ರಿ ಖಾತೆ ತೆರೆಯುವ ದಿನವೇ ಗಿರಾಕಿಯಿಂದ ಸಹಿ ಮಾತ್ರ ಮಾಡಿದ ಎರಡು ಮೂರು ಖಾಲಿ ಚೆಕ್ಕು ಪಡೆದು ಖಾನೆಯಲ್ಲಿ ಇಡುತ್ತೇವೆ. ಅದರಲ್ಲಿ ಹೆಸರಿಲ್ಲ, ಮೊತ್ತವಿಲ್ಲ, ದಿನಾಂಕವಿಲ್ಲ. ಎರಡು ವರ್ಷದ ನಂತರ ಮನಸ್ತಾಪ ಬಂದ ದಿನ ಅದನ್ನು ತುಂಬಿ ಬ್ಯಾಂಕಿಗೆ ಹಾಕುತ್ತೇವೆ.

ಇದು ಕಾನೂನುಬಾಹಿರವೇ? ಅಲ್ಲ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ 139ನೆಯ ಕಲಮಿನ ಪೂರ್ವಭಾವನೆ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಹೇಳಿದೆ. ಆ ತೀರ್ಪು ತಿಳಿದ ನಮ್ಮವರು ಗೆದ್ದೆವೆಂದು ಭಾವಿಸಿದರು. ಆದರೆ ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ 2010ರಲ್ಲಿ ಹೇಳಿದ್ದನ್ನೂ ಮರೆಯಬಾರದು. ಸಾಲವಿದೆಯೆಂಬ ಪೂರ್ವಭಾವನೆ ಫಿರ್ಯಾದಿಯ ಪರವಾಗಿರುವುದು ನಿಜ, ಆದರೆ ಆರೋಪಿ ಅದನ್ನು ಅಲ್ಲಗಳೆಯಬಹುದು; ಅದಕ್ಕೆ ಸಂಭವನೀಯವೆನಿಸುವಷ್ಟು ಪುರಾವೆ ಸಾಕು. ಆ ಪುರಾವೆಯನ್ನು ಅವನು ಬಹುಪಾಲು ಫಿರ್ಯಾದಿಯ ಪುಸ್ತಕದಿಂದಲೇ ತೆಗೆಯುತ್ತಾನೆ.

ನಾನು ಸಾಕ್ಷಿ ಹೇಳಿದ ಪ್ರಕರಣದಲ್ಲಿ ಆದದ್ದು ಅದೇ. ಅಂಗಡಿಕಾರನ ಬಾಕಿ ಒಂದು ಕಾಲಕ್ಕೆ 4,50,000 ರೂ. ಇತ್ತು. ಅವನು ಮೂರು ಕಂತುಗಳಲ್ಲಿ 1,65,000 ರೂ.ಗಳನ್ನು ಬ್ಯಾಂಕಿನ ಮೂಲಕ ಕಟ್ಟಿದ್ದ. ಉಳಿದದ್ದು 2,85,000 ರೂ. ಮಾರ್ಚ್ 31ರ ಬಾಕಿದಾರರ ಯಾದಿಯಲ್ಲಿ ಅದೇ ಮೊತ್ತವಿತ್ತು, ಅದರ ಕೆಳಗೆ ನನ್ನ ಸಹಿಯೂ ಇತ್ತು. ಆದರೆ ಕಕ್ಷಿದಾರರು ಖಾಲಿ ಚೆಕ್ಕಿನಲ್ಲಿ ತುಂಬಿದ್ದು 4,50,000 ರೂ. ‘ಬಡ್ಡಿ ಬೇಡವೇ ಸಾರ್, ಇಷ್ಟು ದಿನ ಓಡಾಡಿಸಿದ್ದಕ್ಕೆ?’ ಎಂಬುದು ಅವರ ಸಮರ್ಥನೆ. ಬಡ್ಡಿಯ ಕರಾರು ಬಿಲ್ಲಿನಲ್ಲಿಯೂ ಇರಲಿಲ್ಲ, ಪುಸ್ತಕದಲ್ಲಿಯೂ ಇರಲಿಲ್ಲ.

ಕಟಕಟೆಯಲ್ಲಿ ನಿಂತ ನನಗೆ ವಕೀಲರು ಒಂದೇ ಪ್ರಶ್ನೆ ಕೇಳಿದರು. ‘ಈ ಪಟ್ಟಿಯಲ್ಲಿರುವ ಸಹಿ ನಿಮ್ಮದೇ? ಇದರಲ್ಲಿರುವ ಬಾಕಿ ಎಷ್ಟು?’ ನ್ಯಾಯಾಧೀಶರು ನನ್ನ ಉತ್ತರವನ್ನು ಕನ್ನಡದಲ್ಲಿ ಬರೆಸಿ, ಓದಿ ಹೇಳಿ, ಸರಿಯೇ ಎಂದು ಕೇಳಿದರು. ಸರಿ ಎಂದೆ. ಮೂರು ಮಾರು ದೂರದಲ್ಲಿ ಕುಳಿತಿದ್ದ ನನ್ನ ಕಕ್ಷಿದಾರರ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಚೆಕ್ಕು ಕೊಟ್ಟ ನಂತರ ಭಾಗಶಃ ಹಣ ಬಂದಿದ್ದರೆ, ಅದನ್ನು ಚೆಕ್ಕಿನ ಮೇಲೆ ನಮೂದಿಸದೆ ಪೂರ್ತಿ ಮೊತ್ತಕ್ಕೆ ಹಾಜರುಪಡಿಸಿದಾಗ ಅಪರಾಧವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಸ್ಪಷ್ಟಪಡಿಸಿದೆ. ಆರೋಪಿ ಬಿಡುಗಡೆಯಾದ. ನಿಜವಾಗಿ ಬರಬೇಕಾಗಿದ್ದ 2,85,000 ರೂ.ಗಳಿಗೆ ಸಿವಿಲ್ ದಾವೆ ಹೂಡೋಣವೆಂದರೆ, ಕೊನೆಯ ಕಂತು ಬಂದು ಮೂರು ವರ್ಷ ದಾಟಿ ಕಾಲಮಿತಿ ಮುಗಿದುಹೋಗಿತ್ತು. ನ್ಯಾಯವಾದ ಬಾಕಿಯೂ ಹೋಯಿತು. ಅವರು ಈಗಲೂ ನನ್ನಲ್ಲಿಯೇ ಲೆಕ್ಕ ಮಾಡಿಸುತ್ತಾರೆ. ಆದರೆ ಆ ದಿನದ ಬಗ್ಗೆ ನಾವಿಬ್ಬರೂ ಇದುವರೆಗೆ ಮಾತನಾಡಿಲ್ಲ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ಅಂಗಡಿಕಾರ ಪ್ರತಿ ದಿನಾಂಕಕ್ಕೂ ಅಂಗಡಿ ಮುಚ್ಚಿ ಬಸ್ಸಿನಲ್ಲಿ ಬರುತ್ತಿದ್ದ. ಒಮ್ಮೆ ತಪ್ಪಿದಾಗ ಜಾಮೀನುರಹಿತ ವಾರಂಟು ಹೊರಟು, ಜಾಮೀನುದಾರನನ್ನು ಹುಡುಕಿ ಅಲೆದಿದ್ದ. ಅವನು ಸಾಲಗಾರನಾಗಿದ್ದ ನಿಜ, ಆದರೆ 4,50,000 ರೂ.ಗಳಿಗಲ್ಲ.

ವರ್ತಕರ ವಾದ

‘ಖಾಲಿ ಚೆಕ್ಕು ಇಲ್ಲದೆ ಉದ್ರಿ ಕೊಟ್ಟರೆ ಯಾರು ವಾಪಸು ಕೊಡುತ್ತಾರೆ?’ ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಸಿವಿಲ್ ದಾವೆಯಲ್ಲಿ ಡಿಕ್ರಿಯಾದ ಮೇಲೂ ಅಮಲ್ಜಾರಿ ಎಂಬ ಎರಡನೆಯ ಯುದ್ಧ ಇದೆ. ನ್ಯಾಯಾಧೀಶರ ಹುದ್ದೆಗಳು ಖಾಲಿ ಉಳಿಯುವುದು, ಅಮೀನರ ಕೊರತೆ, ಚೆಕ್ಕಿನ ಸಮನ್ಸ್ ಜಾರಿ ಪೊಲೀಸ್ ಠಾಣೆಯ ಆದ್ಯತೆಯ ಪಟ್ಟಿಯಲ್ಲಿ ಕೊನೆಗಿರುವುದು ಇವೆಲ್ಲ ಸರ್ಕಾರ ಹಾಗೂ ನ್ಯಾಯಾಂಗದ ಆಡಳಿತ ಉತ್ತರಿಸಬೇಕಾದ ವಿಷಯಗಳು. ಅವರನ್ನು ನಾನು ಬಿಟ್ಟುಕೊಡುತ್ತಿಲ್ಲ.

ಆದರೆ ಖಾಲಿ ಚೆಕ್ಕು ಉದ್ರಿಯ ಶಿಸ್ತನ್ನು ಕೊಲ್ಲುತ್ತದೆ ಎಂಬುದು ನನ್ನ ಅನುಭವ. ಕೈಯಲ್ಲಿ ಚೆಕ್ಕಿದೆಯೆಂಬ ಧೈರ್ಯದಿಂದ ನಾವು ಗಿರಾಕಿಯ ಯೋಗ್ಯತೆ ನೋಡುವುದಿಲ್ಲ, ಬಾಕಿಗೆ ಮಿತಿ ಹಾಕುವುದಿಲ್ಲ, ವರ್ಷಕ್ಕೊಮ್ಮೆ ಬಾಕಿ ದೃಢೀಕರಣ ಪತ್ರ ಪಡೆಯುವುದಿಲ್ಲ. ಗಿರಾಕಿಯೂ ಅಷ್ಟೇ, ಮೂರು ಅಂಗಡಿಗಳಿಗೆ ಖಾಲಿ ಚೆಕ್ಕು ಕೊಟ್ಟವನು ನಾಲ್ಕನೆಯ ಅಂಗಡಿಗೂ ಕೊಡುತ್ತಾನೆ. ಎಲ್ಲರೂ ಒಮ್ಮೆಲೇ ಮೊಕದ್ದಮೆ ಹೂಡಿದರೆ ಯಾರಿಗೂ ಏನೂ ಸಿಗುವುದಿಲ್ಲ.

ಮತ್ತೊಂದು ತಪ್ಪು ಕಲ್ಪನೆಯನ್ನು ತಿದ್ದುವುದು ನನ್ನ ವೃತ್ತಿಯ ಹೊಣೆ. ಬಾಕಿಯನ್ನು ಆದಾಯದಿಂದ ಕಳೆಯಬೇಕಾದರೆ ಮೊಕದ್ದಮೆ ಹೂಡಿರಲೇಬೇಕೆಂದು ಅನೇಕರು ನಂಬಿದ್ದಾರೆ. ಹಾಗೇನಿಲ್ಲ. ಬಾಕಿ ಮುಳುಗಿತೆಂದು ಸಾಬೀತುಪಡಿಸುವ ಹೊಣೆಯನ್ನು ಆದಾಯ ತೆರಿಗೆ ಕಾನೂನು 1989ರ ಏಪ್ರಿಲ್ 1ರಿಂದಲೇ ಕೈಬಿಟ್ಟಿದೆ. ಪುಸ್ತಕದಲ್ಲಿ ರದ್ದುಪಡಿಸಿದರೆ ಸಾಕೆಂದು ಸರ್ವೋಚ್ಚ ನ್ಯಾಯಾಲಯವೂ 2010ರಲ್ಲಿ ಹೇಳಿದೆ. ಚೆಕ್ಕಿನ ಅಮಾನ್ಯ ಅಪರಾಧವಾದ ದಿನವೇ ತೆರಿಗೆಗಾಗಿ ಮೊಕದ್ದಮೆ ಹೂಡುವ ಅಗತ್ಯವೂ ಹೋಯಿತು. ಮೊದಲನೆಯದು ಎಲ್ಲರಿಗೂ ಗೊತ್ತು, ಎರಡನೆಯದು ಕೆಲವರಿಗೆ ಮಾತ್ರ.

ಅಂಗಡಿಯಲ್ಲಿಯೇ ಮಾಡಬೇಕಾದದ್ದು

ನ್ಯಾಯಾಲಯಕ್ಕೆ ಹೋಗುವುದೇ ಬೇಡವೆಂದು ನಾನು ಹೇಳುತ್ತಿಲ್ಲ. ಹೋಗಬೇಕಾದಾಗ ಗಟ್ಟಿಯಾದ ಪ್ರಕರಣದೊಂದಿಗೆ ಹೋಗಬೇಕು. ಅದಕ್ಕೆ ಬೇಕಾದ ಸಿದ್ಧತೆಗಳಿವು:

1. ಪಾಲುದಾರಿಕೆ ಸಂಸ್ಥೆಯನ್ನು ನೋಂದಾಯಿಸಿರಿ. 1932ರ ಪಾಲುದಾರಿಕೆ ಕಾಯ್ದೆಯ 69ನೆಯ ಕಲಮಿನಂತೆ ನೋಂದಣಿಯಾಗದ ಸಂಸ್ಥೆ ಕರಾರಿನ ಹಣಕ್ಕಾಗಿ ಹೊರಗಿನವರ ಮೇಲೆ ದಾವೆ ಹೂಡಲಾಗದು. ಲಕ್ಷಾಂತರ ರೂಪಾಯಿ ವಹಿವಾಟಿನ ಸಂಸ್ಥೆಗಳೂ ಈ ಸಣ್ಣ ಕೆಲಸವನ್ನು ಮರೆತಿರುತ್ತವೆ.

2. ಮಾರ್ಚ್ 31ರ ಬಾಕಿಯನ್ನು ಗಿರಾಕಿಯಿಂದ ಬರವಣಿಗೆಯಲ್ಲಿ ಒಪ್ಪಿಸಿ ಸಹಿ ಪಡೆಯಿರಿ. ಮಾರಿದ ಸರಕಿನ ಹಣಕ್ಕೆ ಕಾಲಮಿತಿ ಮೂರು ವರ್ಷ. ಅದು ಮುಗಿಯುವ ಮೊದಲು ಪಡೆದ ಸಹಿ ಹೊಸದಾಗಿ ಮೂರು ವರ್ಷ ಕೊಡುತ್ತದೆ.

3. ಚೆಕ್ಕು ಪಡೆಯುವುದಾದರೆ ಹೆಸರು, ಮೊತ್ತ, ದಿನಾಂಕ ತುಂಬಿಸಿಯೇ ಪಡೆಯಿರಿ. ನಡುವೆ ಹಣ ಬಂದರೆ ಉಳಿದ ಮೊತ್ತಕ್ಕೆ ಹೊಸ ಚೆಕ್ಕು ಪಡೆದು ಹಳೆಯದನ್ನು ಹಿಂದಿರುಗಿಸಿರಿ.

4. ದಿನಾಂಕಗಳನ್ನು ಕ್ಯಾಲೆಂಡರಿನ ಮೇಲೆ ಗುರುತಿಸಿರಿ. ಚೆಕ್ಕಿನ ಆಯುಷ್ಯ 2012ರ ಏಪ್ರಿಲ್‌ನಿಂದ ಮೂರು ತಿಂಗಳು. ಚೆಕ್ಕು ಹಿಂದಿರುಗಿದ ಸುದ್ದಿ ಬ್ಯಾಂಕಿನಿಂದ ಬಂದ 30 ದಿನಗಳೊಳಗೆ ನೋಟೀಸು. ನೋಟೀಸು ಮುಟ್ಟಿದ ಮೇಲೆ ಅವನಿಗೆ 15 ದಿನ. ಅದರ ನಂತರ ಒಂದು ತಿಂಗಳೊಳಗೆ ಫಿರ್ಯಾದು. ಫಿರ್ಯಾದಿನ ವಿಳಂಬವನ್ನು ಸೂಕ್ತ ಕಾರಣವಿದ್ದರೆ ನ್ಯಾಯಾಲಯ ಮನ್ನಿಸಬಹುದು. ನೋಟೀಸಿನ ವಿಳಂಬಕ್ಕೆ ಅಂಥ ಅವಕಾಶವಿಲ್ಲ.

5. ಗಿರಾಕಿಯ ಮನೆಯ ವಿಳಾಸ, ದೂರವಾಣಿ, ಜಿ.ಎಸ್‌.ಟಿ. ಸಂಖ್ಯೆಗಳನ್ನು ವರ್ಷಕ್ಕೊಮ್ಮೆ ತಿದ್ದಿಡಿರಿ. ಸಮನ್ಸ್ ಜಾರಿಯಾಗದಿರಲು ಹಳೆಯ ವಿಳಾಸವೇ ಮುಖ್ಯ ಕಾರಣಗಳಲ್ಲೊಂದು.

6. ನಗದು ವ್ಯವಹಾರವನ್ನು ಬಿಡಿರಿ. 20,000 ರೂ. ಹಾಗೂ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಿನಲ್ಲಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಎರಡು ಲಕ್ಷ ಅಥವಾ ಹೆಚ್ಚು ನಗದು ಕೊಟ್ಟೆನೆಂದು ದಾವೆ ಹೂಡಿದರೆ ಆ ಸಂಗತಿಯನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್‌ನಲ್ಲಿ ಕೆಳ ನ್ಯಾಯಾಲಯಗಳಿಗೆ ನಿರ್ದೇಶಿಸಿದೆ.

7. ಗಣಕಯಂತ್ರದಲ್ಲಿನ ಖಾತೆಯನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವನ್ನು ಲಗತ್ತಿಸಿರಿ. ಬರೀ ಮುದ್ರಿತ ಹಾಳೆ ಸಾಲದು.

8. ಮೂರು ಲಕ್ಷ ರೂ. ಹಾಗೂ ಮೇಲ್ಪಟ್ಟ ವಾಣಿಜ್ಯ ವಿವಾದಗಳಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಇದೆ. ತುರ್ತು ಪರಿಹಾರದ ಕೋರಿಕೆ ಇಲ್ಲದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆ ಅಲ್ಲಿ ಕಡ್ಡಾಯ. ಸಣ್ಣ ಉತ್ಪಾದಕರು 2006ರ ಎಂ.ಎಸ್‌.ಎಂ.ಇ. ಅಭಿವೃದ್ಧಿ ಕಾಯ್ದೆಯ ಸೌಲಭ್ಯ ಮಂಡಳಿಗೆ ಹೋಗಬಹುದು. ಎಲ್ಲ ಬಾಕಿಗೂ ತಾಲ್ಲೂಕು ದಂಡಾಧಿಕಾರಿಯ ಪೀಠವೇ ದಾರಿಯಲ್ಲ.

ಸಂಸ್ಥೆ ಮಾಡಬಹುದಾದದ್ದು

ನಮ್ಮ ವಾಣಿಜ್ಯ ಸಂಸ್ಥೆಯ ಆಡಳಿತ ಮಂಡಳಿಗೆ ಮೂರು ಸಲಹೆಗಳನ್ನು ವಿನಮ್ರವಾಗಿ ಮುಂದಿಡುತ್ತೇನೆ.

ಮೊದಲನೆಯದು, ಖಾಲಿ ಚೆಕ್ಕು ಪಡೆಯುವುದಿಲ್ಲವೆಂಬ ನಿರ್ಣಯವನ್ನು ಸದಸ್ಯರು ಸ್ವಇಚ್ಛೆಯಿಂದ ಅಂಗೀಕರಿಸಲಿ. ಅದರ ಬದಲಿಗೆ ಉದ್ರಿಯ ಮಿತಿ, ಪಾವತಿಯ ವಾಯಿದೆ, ಬಡ್ಡಿಯ ದರ ಇವುಗಳನ್ನೊಳಗೊಂಡ ಒಂದು ಪುಟದ ಕರಾರಿನ ಮಾದರಿಯನ್ನು ಸಂಸ್ಥೆಯೇ ವಕೀಲರಿಂದ ಬರೆಸಿ ಕನ್ನಡದಲ್ಲಿ ಹಂಚಲಿ.

ಎರಡನೆಯದು, ಸದಸ್ಯರ ಬಾಕಿಯ ವಿವಾದಗಳನ್ನು ನೋಟೀಸಿಗೆ ಮೊದಲು ಕೂರಿಸಿ ಮಾತನಾಡುವ ಹಿರಿಯರ ಸಮಿತಿಯೊಂದು ನಮ್ಮಲ್ಲಿರಲಿ. ಮೊಕದ್ದಮೆ ಹೂಡಿಯಾಗಿದ್ದರೆ ಲೋಕ ಅದಾಲತ್ ಇದೆ. ಅಲ್ಲಿನ ತೀರ್ಮಾನ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಚೆಕ್ಕಿನ ಪ್ರಕರಣದಲ್ಲಿ ಆದ ರಾಜಿಯನ್ನೂ ಡಿಕ್ರಿಯಂತೆ ಅಮಲ್ಜಾರಿ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. 2025ರ ಸೆಪ್ಟೆಂಬರ್‌ನ ತೀರ್ಪಿನಂತೆ ಆರೋಪಿ ತನ್ನ ಸಾಕ್ಷ್ಯ ಆರಂಭವಾಗುವ ಮೊದಲು ಚೆಕ್ಕಿನ ಹಣ ಕಟ್ಟಿದರೆ ಹೆಚ್ಚುವರಿ ವೆಚ್ಚವಿಲ್ಲದೆ ರಾಜಿಯಾಗಬಹುದು. ಆ ಹಂತ ದಾಟಿ ತೀರ್ಪಿನ ಮೊದಲಾದರೆ ಶೇ. 5, ಮೇಲಿನ ಹಂತಗಳಲ್ಲಿ ಇನ್ನೂ ಹೆಚ್ಚು. ಬೇಗ ಒಪ್ಪಿಕೊಂಡವನಿಗೆ ಲಾಭವೆಂಬ ಈ ಸೂತ್ರ ವ್ಯಾಪಾರಿಗೆ ಸುಲಭವಾಗಿ ಅರ್ಥವಾಗುವಂಥದ್ದು.

ಮೂರನೆಯದು, ತಾಲ್ಲೂಕು ನ್ಯಾಯಾಲಯಗಳಲ್ಲಿ ಖಾಲಿಯಿರುವ ನ್ಯಾಯಾಧೀಶರ ಹಾಗೂ ಸಿಬ್ಬಂದಿಯ ಹುದ್ದೆಗಳನ್ನು ತುಂಬಬೇಕೆಂದು ಸರ್ಕಾರಕ್ಕೂ ಉಚ್ಚ ನ್ಯಾಯಾಲಯದ ಆಡಳಿತಕ್ಕೂ ಮನವಿ ಸಲ್ಲಿಸೋಣ. ರಸ್ತೆ, ವಿದ್ಯುತ್ತು, ತೆರಿಗೆ ವಿನಾಯಿತಿಗಳಿಗೆ ಮನವಿ ಬರೆಯುವ ನಾವು ನ್ಯಾಯಾಲಯದ ಬಗ್ಗೆ ಬರೆದದ್ದು ವಿರಳ. ಆದರೆ ಈ ಮನವಿಯನ್ನು ಕೈಯಲ್ಲಿ ಹಿಡಿದು ಹೋಗುವ ಮೊದಲು ಮೊದಲಿನೆರಡನ್ನು ಮಾಡಿರಬೇಕು. ಇಲ್ಲವಾದರೆ, ಸರದಿಯನ್ನು ಉದ್ದ ಮಾಡಿದವರೇ ಸರದಿ ಉದ್ದವಾಗಿದೆಯೆಂದು ದೂರಿದಂತಾಗುತ್ತದೆ.

ಕರಾರು ಮುರಿದವನಿಂದ ನ್ಯಾಯವಾದ ಬಾಕಿಯನ್ನು ಪಡೆಯುವ ಹಕ್ಕು ವರ್ತಕನಿಗೆ ಇದ್ದೇ ಇದೆ. ಆ ಹಕ್ಕನ್ನು ನಿರ್ಣಯಿಸಲು ನ್ಯಾಯಾಧೀಶರಿದ್ದಾರೆ. ನಮ್ಮ ಪರವಾಗಿ ವಸೂಲಿಗೆ ಹೋಗಲು ಅಲ್ಲ. ಈ ವರ್ಷದ ಲೆಕ್ಕ ಮುಗಿಸುವ ಮೊದಲು ಸದಸ್ಯ ಬಾಂಧವರು ತಮ್ಮ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯನ್ನು ಒಮ್ಮೆ ತೆರೆದು ನೋಡಲಿ. ಅಲ್ಲಿ ಎಷ್ಟು ಖಾಲಿ ಚೆಕ್ಕುಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಪುಸ್ತಕದಲ್ಲಿ ಸರಿಯಾದ ಬಾಕಿ ಇದೆ ಎಂದು ಎಣಿಸಲಿ. ಬಾಕಿ ತೀರಿಸಿದವರ ಚೆಕ್ಕುಗಳನ್ನಾದರೂ ಅವರಿಗೆ ಹಿಂದಿರುಗಿಸಲಿ. ನನ್ನ ಕಕ್ಷಿದಾರರಿಗೆ ಆ ಎಣಿಕೆಯನ್ನು ನಾನು ಸಕಾಲದಲ್ಲಿ ಹೇಳಿರಲಿಲ್ಲ. ಅದು ನನ್ನ ಲೋಪ. ಅದಕ್ಕಾಗಿಯೇ ಈ ಲೇಖನ.